ನಡುಗಡಲಿನಲ್ಲಿ ಆಪತ್ತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಸರಕು ಹಡಗುಗಳಲ್ಲಿ ಚೀಫ್ ಆಫೀಸರ್ ಆಗಿದ್ದು, ಈಗ ಹೊಸ ನಾವಿಕರಿಗೆ ಸುರಕ್ಷತಾ ತರಬೇತಿ ನೀಡುತ್ತಿರುವ ಲೇಖಕರು ಈ ಬಾರಿಯ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗ ಡೆಕ್ ಕೆಡೆಟ್ ಆಗಿ ಮುಂದಿನ ತಿಂಗಳು ಹಡಗು ಹತ್ತಲಿದ್ದಾನೆ. ಕೇರಳದ ಕಡಲಿನಲ್ಲಿ ಹೊತ್ತಿ ಉರಿದ ಹಡಗಿನ ನಾವಿಕರನ್ನು ಮಂಗಳೂರಿಗೆ ಕರೆತಂದ ಸುದ್ದಿ ನೋಡಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಸಮುದ್ರದ ನಡುವೆ ಬೆಂಕಿ ಬಿದ್ದರೆ ಆರಿಸುವವರು ಯಾರು? (ತಾಯಿ, ಸುರತ್ಕಲ್)

ಉತ್ತರ: ಆರಿಸುವವರು ನಿಮ್ಮ ಮಗ ಮತ್ತು ಅವನ ಜೊತೆಗಾರರೇ, ಅಮ್ಮ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಎಷ್ಟೇ ದೊಡ್ಡ ಸರಕು ಹಡಗಾದರೂ ಅದರಲ್ಲಿ ಸಾಮಾನ್ಯವಾಗಿ ಇರುವವರು ಇಪ್ಪತ್ತು ಚಿಲ್ಲರೆ ಮಂದಿ. ಅಡುಗೆಯವನಿಂದ ಕ್ಯಾಪ್ಟನ್‌ವರೆಗೆ ಪ್ರತಿಯೊಬ್ಬನ ಪಾಲಿಗೆ ಯಾವ ಕೆಲಸ ಎಂಬುದು ಮಸ್ಟರ್ ಲಿಸ್ಟ್‌ನಲ್ಲಿ ಬರೆದಿರುತ್ತದೆ. ನೀರಿನ ಹೋಸ್ ಹಿಡಿಯುವವನೊಬ್ಬ, ಗಾಳಿಕಿಂಡಿ ಮುಚ್ಚುವವನೊಬ್ಬ, ಸ್ಟ್ರೆಚರ್ ತರುವವನೊಬ್ಬ. ಅಪಾಯದ ಗಂಟೆಯ ಏಳು ಅಥವಾ ಅದಕ್ಕಿಂತ ಹೆಚ್ಚು ಗಿಡ್ಡ ಸದ್ದು, ಬೆನ್ನಿಗೇ ಒಂದು ಉದ್ದನೆಯ ಸದ್ದು ಕೇಳಿದರೆ ಎಲ್ಲರೂ ಗೊತ್ತುಪಡಿಸಿದ ಜಾಗಕ್ಕೆ, ಅಂದರೆ ಮಸ್ಟರ್ ಸ್ಟೇಷನ್‌ಗೆ ಓಡಿಬರಬೇಕು. ಅಲ್ಲಿ ಮೊದಲು ಮಾಡುವುದು ತಲೆ ಎಣಿಕೆ.

ಇದು ಹಾಜರಿ ಹಾಕುವ ಶಾಸ್ತ್ರವಲ್ಲ. ಎಂಜಿನ್ ರೂಮ್ ಬೆಂಕಿ ಕೈಮೀರಿದಾಗ ಉಳಿಯುವ ಕೊನೆಯ ಅಸ್ತ್ರ ಇಂಗಾಲದ ಡೈಆಕ್ಸೈಡ್. ಸಿಲಿಂಡರುಗಳಲ್ಲಿ ತುಂಬಿಟ್ಟ ಅನಿಲದ ಶೇ 85ರಷ್ಟು ಎರಡೇ ನಿಮಿಷದಲ್ಲಿ ಒಳಗೆ ನುಗ್ಗಬೇಕು ಎಂಬುದು ನಿಯಮ. ಅದು ಬೆಂಕಿಯ ಜೊತೆಗೆ ಒಳಗಿರುವ ಮನುಷ್ಯನನ್ನೂ ಮುಗಿಸುತ್ತದೆ. ಆದ್ದರಿಂದ ಮೊದಲು ಫ್ಯಾನ್ ನಿಲ್ಲಿಸಿ, ಗಾಳಿಕಿಂಡಿಗಳನ್ನು ಮುಚ್ಚಿ, ಇಂಧನದ ವಾಲ್ವುಗಳನ್ನು ಹೊರಗಿನಿಂದಲೇ ಬಂದ್ ಮಾಡಿ, ತಲೆ ಎಣಿಕೆ ಸರಿಯಾದ ಮೇಲೆಯೇ ಕ್ಯಾಪ್ಟನ್ ಅನಿಲ ಬಿಡಲು ಹೇಳುವುದು. ಒಬ್ಬನ ಪತ್ತೆ ಇಲ್ಲದಿದ್ದರೂ ಎಲ್ಲರ ಕೈ ಕಟ್ಟಿದಂತೆ, ಅತ್ತ ಬೆಂಕಿ ಬಲಿಯುತ್ತಲೇ ಇರುತ್ತದೆ. ಹೇಳದೆ ಎಲ್ಲೋ ಮೂಲೆಯಲ್ಲಿ ಮೊಬೈಲ್ ಚಾರ್ಜ್ ಮಾಡುತ್ತ ಕುಳಿತ ಹುಡುಗನೊಬ್ಬ ಇಡೀ ಹಡಗನ್ನು ಕಳೆಯಬಲ್ಲ. ನಿಮ್ಮ ಮಗನಿಗೆ ಇದನ್ನು ಹೇಳಿ. ಅನಿಲ ಬಿಟ್ಟ ಮೇಲೆ ಆರಿತೋ ಇಲ್ಲವೋ ಎಂದು ಬಾಗಿಲು ತೆರೆದು ಇಣುಕುವುದು ಇನ್ನೊಂದು ದೊಡ್ಡ ತಪ್ಪು. ಒಳಗಿನ ಕಬ್ಬಿಣ ತಣಿಯದೆ ಹೊಸ ಗಾಳಿ ಹೊಕ್ಕರೆ ಮತ್ತೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ನೀವು ನೋಡಿದ್ದು ವಾನ್ ಹೈ 503 ಹಡಗಿನ ಸುದ್ದಿ. ಕೊಲಂಬೊದಿಂದ ನವಿ ಮುಂಬಯಿಯ ನ್ಹಾವಾ ಶೇವಾಕ್ಕೆ ಹೊರಟಿದ್ದ ಆ ಕಂಟೇನರ್ ಹಡಗಿಗೆ 2025ರ ಜೂನ್ 9ರಂದು ಬೆಂಕಿ ಬಿತ್ತು. 22 ಮಂದಿಯಲ್ಲಿ ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ತಂದಿತು, ನಾಲ್ವರು ಕಾಣೆಯಾದರು. ಕಂಟೇನರ್ ಬೆಂಕಿಯಷ್ಟು ಕಷ್ಟದ ಬೆಂಕಿ ಮತ್ತೊಂದಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಎಂಬುದು ನಾವಿಕನಿಗೆ ತಿಳಿಯುವುದು ಸರಕಿನವರು ಬರೆದುಕೊಟ್ಟ ಕಾಗದದಿಂದ ಮಾತ್ರ. ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ ನೀರು ಬಿಡುವಂತೆಯೇ ಇಲ್ಲ, ಅಸಿಟಿಲೀನ್ ಅನಿಲ ಹುಟ್ಟಿ ಉರಿ ಇನ್ನೂ ಏಳುತ್ತದೆ. ಈ ಒಂದು ಹಡಗಿನ ಬಗ್ಗೆ ಹೇಳುತ್ತಿಲ್ಲ, ಆದರೆ ಒಟ್ಟಾರೆಯಾಗಿ, ನಾಲ್ಕು ಕಾಸು ಉಳಿಸಲು ಅಪಾಯಕಾರಿ ಸರಕಿಗೆ ಸುಳ್ಳು ಹೆಸರು ಬರೆಯುವ ವ್ಯಾಪಾರಿಗಳ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ಮಗನನ್ನು ಕಳುಹಿಸಿ. ಹಡಗು ಹತ್ತಿದ ದಿನವೇ ಕ್ಯಾಬಿನ್‌ನಿಂದ ತೆರೆದ ಡೆಕ್‌ಗೆ ಎರಡು ದಾರಿ ಕಂಡುಕೊಳ್ಳಲು ಹೇಳಿ. ಜೊತೆಗೊಬ್ಬನನ್ನು ಇಟ್ಟುಕೊಂಡು ಕಣ್ಣಿಗೆ ಬಟ್ಟೆ ಕಟ್ಟಿ, ಗೋಡೆ ಸವರುತ್ತ, ಬಾಗಿಲುಗಳನ್ನು ಎಣಿಸುತ್ತ ಆ ದಾರಿಯಲ್ಲಿ ಒಮ್ಮೆ ನಡೆಯಲಿ. ಹೊಗೆ ತುಂಬಿದ ಓಣಿಯಲ್ಲಿ ಕಣ್ಣಿದ್ದೂ ಇಲ್ಲದಂತೆಯೇ.

ಪ್ರಶ್ನೆ: ನಾನು ನಾವಿಕ ತರಬೇತಿಯಲ್ಲಿದ್ದೇನೆ. ಟ್ಯಾಂಕಿನೊಳಗೆ ಜೊತೆಗಾರ ಬಿದ್ದಿರುವುದು ಕಂಡರೂ ಇಳಿಯಬಾರದು ಎಂದು ಕಲಿಸುತ್ತಾರೆ. ಉಸಿರು ಬಿಗಿಹಿಡಿದು ಅರ್ಧ ನಿಮಿಷದಲ್ಲಿ ಎಳೆದು ತರಬಾರದೇ? ನೋಡುತ್ತ ನಿಲ್ಲುವುದು ಮನುಷ್ಯತ್ವವೇ? (ವಿದ್ಯಾರ್ಥಿ, ಕುಮಟಾ)

ಉತ್ತರ: ಹಾಗೆ ಇಳಿದವರೆಲ್ಲ ಒಳ್ಳೆಯವರೇ. ಹಡಗುಗಳ ಟ್ಯಾಂಕುಗಳಲ್ಲಿ ಸತ್ತವರ ಪಟ್ಟಿಯಲ್ಲಿ ಉಳಿಸಲು ಹೋದವರ ಹೆಸರು ಮತ್ತೆ ಮತ್ತೆ ಬರುತ್ತದೆ. ನಮ್ಮೂರುಗಳಲ್ಲಿ ಹಾಳು ಬಾವಿಗೆ, ಮ್ಯಾನ್‌ಹೋಲ್‌ಗೆ ಒಬ್ಬರ ಹಿಂದೆ ಒಬ್ಬರು ಇಳಿದು ಹೋದ ಸುದ್ದಿ ನೀವೂ ಓದಿದ್ದೀರಿ, ಅಲ್ಲಿಯೂ ಇಲ್ಲಿಯೂ ನಡೆಯುವುದು ಒಂದೇ.

ಅಲ್ಲಿ ಆಗುವುದೇನೆಂದು ನೋಡಿ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟಿರುತ್ತದೆ. ಹಡಗಿನ ಸಮತೋಲಕ್ಕೆ ನೀರು ತುಂಬುವ, ಮುಚ್ಚಿಟ್ಟ ಬ್ಯಾಲಸ್ಟ್ ಟ್ಯಾಂಕಿನ ಗೋಡೆ ತುಕ್ಕು ಹಿಡಿಯುತ್ತ ಅದನ್ನು ತಿನ್ನುತ್ತದೆ. ಲಂಗರಿನ ಸರಪಳಿ ಇಡುವ ಕೋಣೆಯೂ ಹಾಗೆಯೇ. ಕಲ್ಲಿದ್ದಲು, ಮರದ ದಿಮ್ಮಿ, ಗುಜರಿ ಕಬ್ಬಿಣ ತುಂಬಿದ ಹೋಲ್ಡ್ (ಸರಕಿನ ಕೋಣೆ) ಮಾತ್ರವಲ್ಲ, ಅದಕ್ಕೆ ಇಳಿಯುವ ಏಣಿಯ ಕೋಣೆಯಲ್ಲೂ ಆಮ್ಲಜನಕ ಬರಿದಾಗಿರಬಹುದು. ವಾಸನೆಯಿಲ್ಲ, ಬಣ್ಣವಿಲ್ಲ, ಏದುಸಿರೂ ಬರುವುದಿಲ್ಲ. ನಮಗೆ ಉಸಿರು ಕಟ್ಟಿದಂತೆ ಅನ್ನಿಸುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಹಾಗಾಗಿ ಸೂಚನೆಯೇ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಇನ್ನು ನಿಮ್ಮ ಅರ್ಧ ನಿಮಿಷ: ಏಣಿ ಇಳಿದು, ಎಣ್ಣೆ ಕೆಸರಿನಲ್ಲಿ ಎಪ್ಪತ್ತು ಕಿಲೋ ತೂಕದ ಜೋಲು ದೇಹವನ್ನು ಎತ್ತಿ, ಒಬ್ಬರೇ ನುಸುಳಬಹುದಾದ ಕಿಂಡಿಯಿಂದ ಹೊರಗೆ ತರಬೇಕು. ಉಸಿರು ಬಿಗಿಹಿಡಿದು ಅದು ಆಗದ ಮಾತು. ಭಾರ ಎತ್ತಿದೊಡನೆ ಉಸಿರೆಳೆಯದೆ ವಿಧಿಯಿಲ್ಲ.

ನೋಡುತ್ತ ನಿಲ್ಲಿ ಎಂದು ಯಾರೂ ಹೇಳುತ್ತಿಲ್ಲ. ವಾಕಿಟಾಕಿಯಲ್ಲಿ ಹಡಗು ನಡೆಸುವ ಕೋಣೆಗೆ, ಅಂದರೆ ಬ್ರಿಡ್ಜ್‌ಗೆ ತಿಳಿಸಿ, ಕೂಗಿ, ಗಾಳಿ ಹಾಯಿಸುವ ಫ್ಯಾನ್ ನಡೆಯುತ್ತಿದೆಯೇ ನೋಡಿ, ಗಾಳಿ ಸಿಲಿಂಡರ್ ಬೆನ್ನಿಗೇರಿಸಿದ ತಂಡಕ್ಕೆ ಒಳಗೆ ಎಷ್ಟು ಮಂದಿ, ಎಲ್ಲಿದ್ದಾರೆ ಎಂದು ಹೇಳಿ. ಕಿಂಡಿಯ ಬಾಯಿಯಲ್ಲಿ ನಿಲ್ಲುವವನ ಕೆಲಸವೇ ಇದು. ಹೊಗೆಯಿಂದ ತಪ್ಪಿಸಿಕೊಳ್ಳಲು ಇಟ್ಟಿರುವ ಚಿಕ್ಕ ಉಸಿರಾಟದ ಚೀಲ ತೊಟ್ಟು ಇಳಿಯುತ್ತೇನೆ ಎಂದುಕೊಳ್ಳಬೇಡಿ. ಅದರಲ್ಲಿರುವುದು ಹೊರಗೆ ಓಡುವಷ್ಟು ಗಾಳಿ, ಹತ್ತು ಹದಿನೈದು ನಿಮಿಷದ್ದು. ಮುಖಕ್ಕೆ ಕಟ್ಟುವ ಫಿಲ್ಟರ್ ಮಾಸ್ಕ್ ಅಂತೂ ನಿರುಪಯೋಗಿ, ಇಲ್ಲದ ಆಮ್ಲಜನಕವನ್ನು ಅದು ಸೋಸಿ ಕೊಡಲಾರದು.

ನಿಜವಾದ ಕೆಲಸ ಇಳಿಯುವ ಮೊದಲಿನದು. ಚೆನ್ನಾಗಿ ಗಾಳಿ ಹಾಯಿಸಿ, ಆಮ್ಲಜನಕ ಅಳೆಯುವ ಮೀಟರಿನ ಪೈಪನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ಮೂರೂ ಕಡೆ ಅಳೆದು, ರಕ್ಷಣೆಯ ಹಗ್ಗ ಮತ್ತು ಸಿಲಿಂಡರ್ ಕಿಂಡಿಯ ಬಳಿ ಸಿದ್ಧವಾಗಿದ್ದರೆ ಮಾತ್ರ ಪರವಾನಗಿಗೆ ಸಹಿ. 'ಬೇಗ ಒಂದು ಸಲ ನೋಡಿ ಬಾ' ಎಂದು ಯಾವ ಅಧಿಕಾರಿ ಹೇಳಿದರೂ ಮೀಟರ್ ಎಲ್ಲಿ ಎಂದು ಕೇಳಿ.

ಪ್ರಶ್ನೆ: ನಮ್ಮ ಹಡಗಿನಲ್ಲಿ ಅಣಕು ಕಾರ್ಯಾಚರಣೆ ನಡೆಯುವುದು ರಿಜಿಸ್ಟರ್‌ನಲ್ಲಿ ಮಾತ್ರ. ಲೈಫ್‌ಜಾಕೆಟ್ ತೊಟ್ಟು ಫೋಟೊ, ಸಹಿ, ಮುಗಿಯಿತು. ಬಾಯಿಬಿಟ್ಟರೆ ಕೆಲಸ ಹೋದೀತೆಂಬ ಭಯ. (ನಾವಿಕ, ಹೊನ್ನಾವರ)

ಉತ್ತರ: ಬೆಂಕಿ ಮತ್ತು ಹಡಗು ತ್ಯಜಿಸುವ ಅಣಕು ಕಾರ್ಯಾಚರಣೆಗಳಲ್ಲಿ ಪ್ರತಿಯೊಬ್ಬ ನಾವಿಕನೂ ತಿಂಗಳಿಗೊಮ್ಮೆಯಾದರೂ ಪಾಲ್ಗೊಳ್ಳಬೇಕು, ಮುಚ್ಚಿದ ಟ್ಯಾಂಕಿನಿಂದ ಪಾರು ಮಾಡುವುದನ್ನು ಎರಡು ತಿಂಗಳಿಗೊಮ್ಮೆ ಅಭ್ಯಾಸ ಮಾಡಬೇಕು ಎಂಬುದು ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದ ನಿಯಮ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲು ರೂಪುಗೊಂಡ ಒಪ್ಪಂದ ಇದು. ನಿಮ್ಮ ಸಹಿ ಇಲ್ಲಿ ಸುಳ್ಳು ಸಾಕ್ಷಿಯಾಗುತ್ತಿದೆ ಎಂಬುದನ್ನು ಮರೆಯಬೇಡಿ.

ಮೊದಲು ಹಡಗಿನ ಸುರಕ್ಷತಾ ಸಭೆಯಲ್ಲಿ ಕೇಳಿ, ಆರೋಪದ ದನಿಯಲ್ಲಿ ಬೇಡ: 'ಸರ್, ಜೀವರಕ್ಷಕ ದೋಣಿಯ ಕೊಕ್ಕೆ ಬಿಚ್ಚುವುದು ನನಗೆ ಬರುವುದಿಲ್ಲ, ತೋರಿಸಿಕೊಡಿ.' ಆ ಕೊಕ್ಕೆ ಅಕಾಲದಲ್ಲಿ ಬಿಚ್ಚಿಕೊಂಡು ಅಭ್ಯಾಸದ ವೇಳೆಯೇ ನಾವಿಕರು ಸತ್ತಿದ್ದಾರೆ, ಆದ್ದರಿಂದ ಈ ಪ್ರಶ್ನೆಯನ್ನು ಯಾವ ಅಧಿಕಾರಿಯೂ ತಳ್ಳಿಹಾಕಬಾರದು. ಪ್ರಯೋಜನವಾಗದಿದ್ದರೆ ಕಂಪನಿಯು ದಡದಲ್ಲಿ ನೇಮಿಸಿರುವ ಸುರಕ್ಷತಾ ಪ್ರತಿನಿಧಿಗೆ ನೇರವಾಗಿ ತಿಳಿಸಿ. ಅವರ ಫೋನ್ ನಂಬರ್ ಸಾಮಾನ್ಯವಾಗಿ ಮೆಸ್‌ರೂಮಿನ ಗೋಡೆಯಲ್ಲಿರುತ್ತದೆ. ಕಂಪನಿಯ ಅತ್ಯುನ್ನತ ಆಡಳಿತವನ್ನೇ ನೇರವಾಗಿ ತಲುಪುವ ಹಕ್ಕು ಅವರಿಗಿದೆ. ದೂರು ಕೊಟ್ಟವನ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ನಾವಿಕರ ಕಾರ್ಮಿಕ ಒಪ್ಪಂದವೂ ನಿಷೇಧಿಸಿದೆ.

ಪ್ರಶ್ನೆ: ನನ್ನ ತಮ್ಮ ತೈಲ ಹಡಗಿನಲ್ಲಿ ಎಂಜಿನಿಯರ್. ರೇಡಿಯೊದಲ್ಲಿ ಕರೆಯಲೂ ಸಮಯವಿಲ್ಲದೆ ಹಡಗು ಮುಳುಗಿದರೆ ಯಾರಿಗೆ ಗೊತ್ತಾಗುತ್ತದೆ? (ಓದುಗರು, ಶಿವಮೊಗ್ಗ)

ಉತ್ತರ: ಬ್ರಿಡ್ಜ್‌ನ ಹೊರಗೆ ಇಪರ್ಬ್ ಎಂಬ ಕಿತ್ತಳೆ ಅಥವಾ ಹಳದಿ ಬಣ್ಣದ ಸಾಧನ ಇರುತ್ತದೆ. ಹಡಗು ಮುಳುಗಿದರೆ ನಾಲ್ಕು ಮೀಟರ್ ಆಳ ತಲುಪುವುದರೊಳಗೆ ನೀರಿನ ಒತ್ತಡಕ್ಕೆ ತಾನೇ ಕಳಚಿಕೊಂಡು ಮೇಲೆ ತೇಲುತ್ತದೆ. ಕನಿಷ್ಠ 48 ಗಂಟೆ ಹಡಗಿನ ಗುರುತಿನೊಂದಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುತ್ತದೆ. ಭಾರತದ ಪಾಲಿನ ಸಂಕೇತಗಳು ಬರುವುದು ಬೆಂಗಳೂರಿನಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರಕ್ಕೆ. ಅಲ್ಲಿಂದ ಮುಂಬಯಿ, ಚೆನ್ನೈ, ಶ್ರೀ ವಿಜಯ ಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನ ಕೋಸ್ಟ್ ಗಾರ್ಡ್ ರಕ್ಷಣಾ ಕೇಂದ್ರಗಳಿಗೆ ಸುದ್ದಿ ಹೋಗುತ್ತದೆ. ನಮ್ಮ ಕರಾವಳಿಯ ಆಚೆ ಯಾರಾದರೂ ಅಪಾಯದಲ್ಲಿರುವುದು ನಿಮಗೇ ತಿಳಿದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಬಹುದು.

ತಮ್ಮನಿಗೆ ಒಂದು ಮಾತು ಹೇಳಿ. ಡೆಕ್ ತೊಳೆಯುವಾಗಲೋ ಪರೀಕ್ಷಿಸುವಾಗಲೋ ಆ ಸಾಧನ ತಪ್ಪಿ ಚಾಲೂ ಆದರೆ ಹೆದರಿ ಸದ್ದಿಲ್ಲದೆ ಆಫ್ ಮಾಡಿ ಸುಮ್ಮನಾಗಬಾರದು. ಕೂಡಲೇ ರಕ್ಷಣಾ ಕೇಂದ್ರಕ್ಕೆ ತಿಳಿಸಿ ಕರೆಯನ್ನು ರದ್ದು ಮಾಡಿಸಬೇಕು. ಆಕಸ್ಮಿಕವಾಗಿ ಆದದ್ದನ್ನು ತಾವಾಗಿಯೇ ತಿಳಿಸಿದವರ ಮೇಲೆ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವುದಿಲ್ಲ.