ಮನೆ ಕಟ್ಟುವವರ ಪ್ರಶ್ನೆ: ಮೊದಲು ಮಾಳಿಗೆ, ಆಮೇಲೆ ಎಲಿವೇಶನ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಿಸಿಲಿನ ಬಗ್ಗೆಯೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಬೇರೇನು ಕೇಳುತ್ತಾರೆ? ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಲಬುರಗಿಯಲ್ಲಿ 30×40 ಸೈಟ್ ಇದೆ, ರಸ್ತೆ ಪಶ್ಚಿಮಕ್ಕೆ. ಎರಡು ಬೆಡ್‌ರೂಮಿನ ಮನೆ ಕಟ್ಟಬೇಕು. ಈಗಿನ ಬಾಡಿಗೆ ಮನೆಯಲ್ಲಿ ಮೇ ತಿಂಗಳು ರಾತ್ರಿ ಹನ್ನೆರಡಾದರೂ ಝಳ ಇಳಿಯುವುದಿಲ್ಲ. ಹೊಸ ಮನೆ ತಂಪಾಗಿರಬೇಕು, ಬಿಲ್ ಕಡಿಮೆ ಬರಬೇಕು, ನೋಡಲೂ ಚೆನ್ನಾಗಿರಬೇಕು. ಇಂಜಿನಿಯರ್ ಮುಂಭಾಗಕ್ಕೆ ಪೂರ್ತಿ ಗಾಜು ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಬಹುದಾ? (ಸೇಡಂ ರಸ್ತೆ, ಕಲಬುರಗಿ)

ಬೇಡ. ಪಶ್ಚಿಮಕ್ಕೆ ಗಾಜಿನ ಗೋಡೆ ಕಟ್ಟಿಸಿ, ಆಮೇಲೆ ಅದಕ್ಕೆ ದಪ್ಪ ಪರದೆ ಹಾಕಿ, ಹಗಲು ಹೊತ್ತಲ್ಲೇ ಲೈಟು ಹಚ್ಚಿ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸೂರ್ಯ ಎಲ್ಲೆಲ್ಲಿ ಓಡಾಡುತ್ತಾನೆ ಅನ್ನುವುದನ್ನು ಮೊದಲು ನೋಡಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 10ರ ಆಸುಪಾಸು, ಮತ್ತೆ ಆಗಸ್ಟ್ ಮೊದಲ ವಾರ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಅಂಥ ಬಿಸಿಲೇ ಬೀಳುವುದಿಲ್ಲ. ಕಿಟಕಿ ಮೇಲೆ ಎರಡು ಅಡಿ ಸಜ್ಜಾ ಇದ್ದರೆ ಸಾಕು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆಗ ಅದೇ ಕಿಟಕಿಯಿಂದ ಒಂದಿಷ್ಟು ಬಿಸಿಲು ಒಳಗೆ ಬರುತ್ತದೆ. ಆ ಚಳಿಗೆ ಅದು ಬೇಕಾದದ್ದೇ. ಪಶ್ಚಿಮದ ಕಥೆ ಬೇರೆ. ಮೂರು ಗಂಟೆ ದಾಟಿದ ಮೇಲೆ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದಲೇ ನುಗ್ಗುತ್ತಾನೆ. ಹೊರಗಿನ ಗಾಳಿಯೂ 42 ಡಿಗ್ರಿ ಮುಟ್ಟುವುದು ಅದೇ ಹೊತ್ತಿಗೆ.

ಆದರೂ ಒಂದು ಅಂತಸ್ತಿನ ಮನೆಗೆ ದೊಡ್ಡ ಶತ್ರು ಪಶ್ಚಿಮ ಅಲ್ಲ, ಮಾಳಿಗೆ. ಬೆಳಗಿನಿಂದ ಸಂಜೆವರೆಗೆ ಬಿಸಿಲು ತಿನ್ನುವುದು ಅದೊಂದೇ. ಬರೀ ಕಾಂಕ್ರೀಟ್ ಸ್ಲ್ಯಾಬಿನ ಮೇಲ್ಮೈ ಬೇಸಿಗೆಯಲ್ಲಿ 60 ಡಿಗ್ರಿ ದಾಟುತ್ತದೆ. ಆ ಬಿಸಿ ಐದು ಇಂಚು ಕಾಂಕ್ರೀಟ್ ದಾಟಿ ಕೆಳಗೆ ಬರಲು ಕೆಲವು ಗಂಟೆ ಬೇಕು. ಸಂಜೆ ಹೊರಗೆ ತಂಪಾಗುವ ಹೊತ್ತಿಗೆ ಒಳಗೆ ಛತ್ತು ಕಾಯುತ್ತಿರುತ್ತದೆ. ನಿಮ್ಮ ಬಾಡಿಗೆ ಮನೆಯಲ್ಲಿ ನಡುರಾತ್ರಿ ಆಗುತ್ತಿರುವುದು ಇದೇ. ಅಂಥ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯೇ ಮೈಮೇಲೆ ಬರುತ್ತದೆ.

ಕೇಂದ್ರದ ಇಂಧನ ದಕ್ಷತೆ ಬ್ಯೂರೋ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ಪ್ರಕಾರ ಮಾಳಿಗೆಯ ಯು ಮೌಲ್ಯ 1.2 ದಾಟಬಾರದು. ಮಾಳಿಗೆ ಎಷ್ಟು ಸುಲಭವಾಗಿ ಬಿಸಿ ಒಳಗೆ ಬಿಡುತ್ತದೆ ಅನ್ನುವುದರ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ ಸ್ಲ್ಯಾಬಿನದು 3ಕ್ಕಿಂತ ಜಾಸ್ತಿ. ನಮ್ಮ ಗೌಂಡಿಗಳು ಹಾಕುವ ಇಟ್ಟಂಗಿ ಚೂರಿನ ಕೋಬಾ ಸೇರಿಸಿದರೆ 2ರ ಆಸುಪಾಸಿಗೆ ಬರುತ್ತದೆ, ಸಾಲದು. ಸ್ಲ್ಯಾಬ್ ಮೇಲೆ ನೀರು ಇಳಿಯದಂತೆ ಒಂದು ಪದರ, ಅದರ ಮೇಲೆ 50 ಮಿ.ಮೀ. (ಎರಡು ಇಂಚು) ದಪ್ಪದ, ಥರ್ಮೋಕೋಲಿನಂಥ ಆದರೆ ಗಟ್ಟಿಯಾದ ಎಕ್ಸ್‌ಪಿಎಸ್ ಹಾಳೆ, ಅದರ ಮೇಲೆ ಇಳಿಜಾರು ಕೊಟ್ಟ ತೆಳು ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ ಅಥವಾ ಟೈಲ್ಸ್ ಚೂರಿನ ಚೈನಾ ಮೊಸಾಯಿಕ್ ಹಾಕಿಸಿ. 0.5ರ ಹತ್ತಿರಕ್ಕೆ ಇಳಿಯುತ್ತದೆ. ಎಲಿವೇಶನ್‌ಗೆ, ಅಂದರೆ ಮುಂಭಾಗದ ಅಂದಕ್ಕೆ, ಇಟ್ಟ ದುಡ್ಡಿನಲ್ಲಿ ಒಂದು ಭಾಗ ಇಲ್ಲಿಗೆ ಬರಲಿ. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ, ನಿಜ. ಒಳಗೆ ಮಲಗುವವರಿಗೆ ಗೊತ್ತಾಗುತ್ತದೆ.

ಇನ್ನು ಪಶ್ಚಿಮದ ಮುಖ. ಕಾರ್ ನಿಲ್ಲಿಸುವ ಪೋರ್ಚು, ಮೆಟ್ಟಿಲು, ಬಚ್ಚಲು, ಸ್ಟೋರ್ ಎಲ್ಲ ಈ ಕಡೆ ಬರಲಿ. ಅವುಗಳ ಹಿಂದೆ ಹಾಲ್ ಇರಲಿ. ಪೋರ್ಚು ಆಳವಾಗಿದ್ದಷ್ಟೂ ಒಳ್ಳೆಯದು. ಅದರ ಪಕ್ಕಕ್ಕೆ ಸುಟ್ಟ ಮಣ್ಣಿನ ಜಾಲಿ (ತೂತುಗಳಿರುವ) ಗೋಡೆಯನ್ನೋ, ನೆಟ್ಟಗೆ ನಿಲ್ಲಿಸಿದ ಕಾಂಕ್ರೀಟ್ ಪಟ್ಟಿಗಳನ್ನೋ ಕೊಟ್ಟರೆ ಇಳಿ ಬಿಸಿಲು ಅಲ್ಲೇ ತಡೆಯುತ್ತದೆ. ಗಾಜಿಗಿಂತ ಇದೇ ಚೆಂದ ಅನ್ನುವುದು ನನ್ನ ಅಭಿಪ್ರಾಯ. ಹತ್ತು ವರ್ಷ ಕಳೆದರೂ ಹಳತು ಅನಿಸುವುದಿಲ್ಲ, ಧೂಳು ಒರೆಸುವ ಕೆಲಸವೂ ಕಡಿಮೆ.

ವಾಸ್ತು ವಿಷಯ ಬಂದೇ ಬರುತ್ತದೆ. ಯಜಮಾನರ ಬೆಡ್‌ರೂಮ್ ನೈಋತ್ಯಕ್ಕೇ ಬೇಕು ಅನ್ನುತ್ತಾರೆ. ನಮ್ಮ ಕಡೆ ಮನೆಯಲ್ಲಿ ರಾತ್ರಿ ಅತಿ ಹೆಚ್ಚು ಬಿಸಿ ಇರುವ ಕೋಣೆ ಅದೇ, ಪಾಪ ಯಜಮಾನರು. ನಾನು ಜಗಳಕ್ಕೆ ಹೋಗುವುದಿಲ್ಲ. ಕೋಣೆ ಅಲ್ಲೇ ಇರಲಿ, ಕಿಟಕಿ ಮಾತ್ರ ದಕ್ಷಿಣಕ್ಕೆ ಕೊಡಿ. ಪಶ್ಚಿಮದ ಗೋಡೆ ಪೂರ್ತಿ ಕಪಾಟು ಬರಲಿ. ಆ ಗೋಡೆಯನ್ನು ಎಂಟು ಇಂಚಿನ ಎಎಸಿ ಬ್ಲಾಕಿನಲ್ಲಿ (ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕ್) ಕಟ್ಟಿ. ಒಂಬತ್ತು ಇಂಚಿನ ಇಟ್ಟಂಗಿ ಗೋಡೆಗಿಂತ ಅರ್ಧಕ್ಕೂ ಕಡಿಮೆ ಬಿಸಿ ಬಿಡುತ್ತದೆ. ಆರು ಇಂಚಿನ ಸಿಮೆಂಟ್ ಬ್ಲಾಕ್ ಅಗ್ಗ ಅಂತ ಆ ಕಡೆ ಹಾಕಲೇಬೇಡಿ.

ಎಎಸಿ ಗೋಡೆ ಬಿರುಕು ಬಿಡುತ್ತದೆ ಅಂತ ಯಾರಾದರೂ ಹೆದರಿಸಿದರೆ ಮೊದಲು ಪಾಯ ನೋಡಿ. ನಮ್ಮ ಎರೆಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದರೆ ಯಾವ ಗೋಡೆಯಾದರೂ ಬಿರಿಯುತ್ತದೆ. ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಅಗೆಯಿರಿ. ಅದು ತೀರಾ ಆಳದಲ್ಲಿದ್ದರೆ ನೆಲದಾಳಕ್ಕೆ ಇಳಿಸುವ, ಬುಡ ಅಗಲ ಇರುವ ಕಾಂಕ್ರೀಟ್ ಕಂಬ (ಅಂಡರ್‌ರೀಮ್ಡ್ ಪೈಲ್) ಹಾಕಿಸಿ. ಮನೆ ಸುತ್ತ ನೀರು ನಿಲ್ಲದ ಹಾಗೆ ಮೂರು ಅಡಿ ಅಗಲದ ಫರಸಿ ಕಲ್ಲಿನ ಹಾಸು ಬೇಕೇ ಬೇಕು.

ಕೊನೆಗೆ ಒಂದು ಅಭ್ಯಾಸದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ತೆರೆಯಿರಿ. ‘ಗಾಳಿ ಬರಲಿ’ ಅಂತ ಮಧ್ಯಾಹ್ನ ಎಲ್ಲ ತೆರೆದಿಟ್ಟರೆ ಬರುವುದು ಬಿಸಿಗಾಳಿ. ರಾತ್ರಿ ಗಾಳಿ ಆಡಬೇಕಾದರೆ ಎದುರುಬದುರು ಕಿಟಕಿ ಇರಬೇಕು. ಒಂದೇ ಗೋಡೆಗೆ ಎಷ್ಟು ದೊಡ್ಡ ಕಿಟಕಿ ಕೊಟ್ಟರೂ ಸುಮ್ನೆ.

ಪ್ರಶ್ನೆ: ನೆಲಕ್ಕೆ ಶಹಾಬಾದ್ ಫರಸಿ ಹಾಕಿಸಬೇಕು ಅಂತ ನನ್ನಾಸೆ. ‘ಬಸ್‌ಸ್ಟ್ಯಾಂಡ್ ತರಹ ಕಾಣುತ್ತೆ, ವಿಟ್ರಿಫೈಡ್ ಹಾಕಿಸು’ ಅಂತ ಮಕ್ಕಳು ನಗುತ್ತಾರೆ. ಏನು ಮಾಡಲಿ? (ಚಿತ್ತಾಪುರ)

ಕಲ್ಲು ನಿಮ್ಮ ಕಡೆಯದೇ. ಲಾರಿ ಬಾಡಿಗೆಯೇ ಉಳಿಯುತ್ತದೆ. ಹಾಕಿಸಿ. ಬಸ್‌ಸ್ಟ್ಯಾಂಡ್ ತರಹ ಕಾಣುವುದು ಕಲ್ಲಿನ ತಪ್ಪಲ್ಲ, ಹಾಕಿದ ರೀತಿಯದ್ದು. ಒರಟು ಅಂಚಿನ ಕಲ್ಲು, ನಡುವೆ ಅರ್ಧ ಇಂಚು ಸಿಮೆಂಟ್ ಗೆರೆ ಬಂದರೆ ಹಾಗೇ ಕಾಣುತ್ತದೆ. ಮಶಿನ್‌ನಲ್ಲಿ ಅಂಚು ಕತ್ತರಿಸಿದ, ಒಂದೇ ದಪ್ಪದ, 2×2 ಅಡಿಯ ಕಲ್ಲು ಆರಿಸಿ. ಸಂದು ತೆಳ್ಳಗಿರಲಿ, ಸಂದಿನ ಬಣ್ಣವೂ ಬೂದು ಇರಲಿ. ಹಾಸಿದ ಮೇಲೆ ಪಾಲಿಶ್ ಮಾಡಿಸಿ, ಆದರೆ ಕನ್ನಡಿಯಂತೆ ಬೇಡ. ಮಂದ ಹೊಳಪು ಇದ್ದರೆ ಕಾಲು ಜಾರುವುದಿಲ್ಲ.

ತಂಪಿನ ಲೆಕ್ಕ ನೆಲಮಹಡಿಗೆ ಮಾತ್ರ. ಅಲ್ಲಿ ಕಲ್ಲಿನ ಕೆಳಗೆ ಭೂಮಿ ಇದೆ, ಅದು ಬಿಸಿ ಎಳೆದುಕೊಳ್ಳುತ್ತದೆ. ಮೇಲಿನ ಅಂತಸ್ತಿನಲ್ಲಿ ಆ ಲಾಭ ಅಷ್ಟಾಗಿ ಸಿಗುವುದಿಲ್ಲ.

ಒಂದು ಎಚ್ಚರ: ಇದು ಸುಣ್ಣದ ಕಲ್ಲು. ಹುಳಿ ಬಿದ್ದರೆ ತಿನ್ನುತ್ತದೆ. ಹುಣಸೆ ರಸ, ನಿಂಬೆಹಣ್ಣು ಬಿದ್ದ ಕೂಡಲೇ ಒರೆಸಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಅಂತೂ ಹತ್ತಿರಕ್ಕೂ ತರಬೇಡಿ. ಅಡುಗೆಮನೆ ಕಟ್ಟೆಗೆ ಗ್ರಾನೈಟೇ ಸರಿ.

ಪ್ರಶ್ನೆ: ಬೀದರ್ ಹತ್ತಿರ ನಮ್ಮ ಅಜ್ಜನ ಕಾಲದ ಮನೆ ಇದೆ. ಕೆಂಪು ಕಲ್ಲಿನ ದಪ್ಪ ಗೋಡೆ, ತೊಲೆ ಜಂತಿ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಎಸಿ ಬೇಕಾಗಿಲ್ಲ. ಆದರೆ ಸೋರುತ್ತದೆ, ಗೋಡೆಯಿಂದ ಪುಡಿ ಉದುರುತ್ತದೆ. ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಇನ್ನೊಂದಿಷ್ಟು ಮಣ್ಣು ಹಾಕಿಸಲಾ? (ಬೀದರ್ ತಾಲೂಕು)

ಎರಡೂ ಬೇಡ. ಕೆಂಪು ಕಲ್ಲಿನಲ್ಲಿ ಸಣ್ಣ ಸಣ್ಣ ತೂತು ತುಂಬಾ. ನೀರು ಹೀರುತ್ತದೆ, ಮತ್ತೆ ಬಿಡುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಕಲ್ಲೇ ಸವೆಯುತ್ತದೆ, ಗಿಲಾವೂ ಚಿಪ್ಪು ಚಿಪ್ಪಾಗಿ ಬೀಳುತ್ತದೆ. ಸುಣ್ಣದ ಗಚ್ಚು ಮಾಡಿಸಿ. ಕೆಲಸ ಬಲ್ಲ ಗೌಂಡಿ ಸಿಗುವುದು ಕಷ್ಟ, ಹುಡುಕಿಯೇ ಮಾಡಿಸಿ.

ಮಣ್ಣಿನ ವಿಷಯ ಇನ್ನೂ ಗಂಭೀರ. ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಪದರ ಮಣ್ಣು ಹಾಕುತ್ತಾ ಬಂದ ಮಾಳಿಗೆ ಎಷ್ಟು ಭಾರ ಆಗಿರುತ್ತದೆ ಯೋಚಿಸಿ. ಅದು ತಂಪು ಹೌದು. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರನ್ನು ಕೊಂದದ್ದು ಇಂಥವೇ ಮನೆಗಳು: ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಹಳೆ ಮನೆಯ ತಂಪನ್ನು ಹೊಗಳುವಾಗ ನಾವು ಇದನ್ನು ಮರೆಯುತ್ತೇವೆ.

ಹಾಗಂತ ಕೆಡವಲೇಬೇಕು ಅಂತೇನಿಲ್ಲ. ಕಟ್ಟಡದ ಇಂಜಿನಿಯರ್ ಒಬ್ಬರನ್ನು ಕರೆಸಿ ಮೂರು ವಿಷಯ ನೋಡಿಸಿ. ತೊಲೆಗಳಿಗೆ ಗೆದ್ದಲು ಹಿಡಿದಿದೆಯಾ? ಗೋಡೆಯ ಎರಡೂ ಮುಖ ಹಿಡಿದು ನಿಲ್ಲುವಷ್ಟು ಉದ್ದದ ಕಲ್ಲುಗಳು ನಡುನಡುವೆ ಇವೆಯಾ, ಅಥವಾ ಗೋಡೆ ಎರಡು ಪದರವಾಗಿ ಉಬ್ಬಿದೆಯಾ? ಮೂಲೆಗಳು ಬಿಟ್ಟಿವೆಯಾ? ಗೋಡೆ ಗಟ್ಟಿ ಇದ್ದರೆ ಮಣ್ಣು ಇಳಿಸಿ, ಗೋಡೆಯ ತಲೆಯ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಕಟ್ಟಿ, ಅದರ ಮೇಲೆ ಹಗುರ ಮಾಳಿಗೆ ಮಾಡಬಹುದು. ನಡುವೆ ಥರ್ಮೋಕೋಲಿನಂಥ ಪದರ ಇರುವ ಶೀಟಿನ ಮಾಳಿಗೆ, ಕೆಳಗೆ ಮರದ ಸೀಲಿಂಗ್ ಮಾಡಿದರೆ ಹಳೆ ಕಳೆಯೂ ಉಳಿಯುತ್ತದೆ. ಪಟ್ಟಿ ಇಲ್ಲದೆ ಹಳೆ ಗೋಡೆ ಮೇಲೆ ನೇರ ಸ್ಲ್ಯಾಬ್ ಹಾಕುವವರ ಮಾತು ಕೇಳಬೇಡಿ.

ಬೀದರ್ ಎತ್ತರದ ಜಾಗ. ರಾತ್ರಿ ಕಲಬುರಗಿಗಿಂತ ತಂಪು. ದಪ್ಪ ಗೋಡೆಗೆ ಈ ರಾತ್ರಿ ಗಾಳಿಯೇ ಔಷಧ. ಮೇಲಿನ ಬೆಳಕಿಂಡಿ ಮುಚ್ಚಿಸಿದ್ದರೆ ತೆರೆಸಿ, ಜಾಳಿಗೆ ಹಾಕಿಸಿ.

ಪ್ರಶ್ನೆ: ಪತ್ರಾಸ್ (ತಗಡಿನ ಶೀಟ್) ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಜಾಸ್ತಿ ಖರ್ಚು ಮಾಡಲು ಆಗುವುದಿಲ್ಲ. ಏನಾದರೂ ದಾರಿ? (ಶಹಾಪುರ, ಯಾದಗಿರಿ ಜಿಲ್ಲೆ)

ಮಾಲೀಕರನ್ನು ಕೇಳಿ ಮೇಲ್ಗಡೆ ಬಿಳಿ ಬಣ್ಣ ಹೊಡೆಸಿ. ಫೆಬ್ರುವರಿಯಲ್ಲೇ ಮುಗಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಲಾಭ ಬೇರೆ ಯಾವುದರಲ್ಲೂ ಇಲ್ಲ. ಆಮೇಲೆ ಪತ್ರಾಸಿನ ಮೇಲೆ ಒಂದು ಅಡಿ ಎತ್ತರಕ್ಕೆ ಹಸಿರು ನೆರಳು ಬಲೆ ಕಟ್ಟಿ. ತಾಗಿಸಿ ಹಾಸಿದರೆ ಅಷ್ಟು ಪ್ರಯೋಜನವಿಲ್ಲ, ನಡುವೆ ಗಾಳಿ ಓಡಬೇಕು. ತೊಗರಿ ಕಟ್ಟಿಗೆ ಹೊದಿಸುವವರೂ ಇದ್ದಾರೆ. ತಂಪು ನಿಜ, ಒಂದು ಕಿಡಿ ಬಿದ್ದರೆ ಕಥೆ ಮುಗಿಯಿತು, ಹಾಗಾಗಿ ನಾನು ಹೇಳುವುದಿಲ್ಲ. ಗೋಡೆ ಮತ್ತು ಪತ್ರಾಸಿನ ನಡುವಿನ ಸಂದು ಮುಚ್ಚಿದ್ದರೆ ಬಿಡಿಸಿ. ಮೇಲೆ ಸೇರಿದ ಬಿಸಿಗಾಳಿ ಹೋಗುವ ದಾರಿ ಅದು.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಮೂರು ಎಸಿ ಹಾಕಿ, ಮೇಲೆ ಸೋಲಾರ್ ಹಾಕಿಸಿದರೆ ಆಯ್ತಲ್ವಾ? (ಆಳಂದ)

ಸೋಲಾರ್ ಹಾಕಿಸಿ, ಖಂಡಿತ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000ದವರೆಗೆ ಸಹಾಯಧನ ಇದೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ.

ಆದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೆ ನಿಮ್ಮ ಮೂರು ಎಸಿಯೂ ನಿಲ್ಲುತ್ತವೆ. ಆಗ ಕಾಪಾಡುವುದು ಮೊದಲ ಉತ್ತರದಲ್ಲಿ ಹೇಳಿದ, ಮಾಳಿಗೆಯ ಮೇಲಿನ ಆ ಎರಡು ಇಂಚಿನ ಹಾಳೆಯೇ.

ಮೂರರ ಬದಲು ಮಲಗುವ ಕೋಣೆಗೆ ಒಂದು ಎಸಿ ಸಾಕು. ಹಾಲ್‌ಗೆ ಕೂಲರ್ ಇಡಿ. ನಮ್ಮ ಏಪ್ರಿಲ್, ಮೇ ಒಣ ಗಾಳಿಗೆ ಕೂಲರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಎದುರಿನ ಕಿಟಕಿ ಸ್ವಲ್ಪ ತೆರೆದಿಟ್ಟರೆ. ಜುಲೈನಲ್ಲಿ ಹಾಕಿದರೆ ಬರೀ ಜಿಗುಟು. ಫ್ಯಾನ್ ಬದಲಿಸುವುದಿದ್ದರೆ ಕರೆಂಟ್ ಕಡಿಮೆ ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ತೆಗೆದುಕೊಳ್ಳಿ, 75 ವ್ಯಾಟ್ ಜಾಗದಲ್ಲಿ 30ರ ಸುಮಾರು ಸಾಕಾಗುತ್ತದೆ.

ಪ್ಯಾನೆಲ್ ಹಾಕಿಸುವ ಮುಂಚೆಯೇ ಮಾಳಿಗೆಯ ಪದರಗಳ ಕೆಲಸ ಮುಗಿಸಿ. ಕಾಲುಗಳನ್ನು ಊರಿದ ಮೇಲೆ ಅದರ ಅಡಿ ಕೆಲಸ ಮಾಡಲು ಯಾವ ಗೌಂಡಿಯೂ ಒಪ್ಪುವುದಿಲ್ಲ.