ಗುಡಿಸಲು ಗುರುತಿನ ಪಿಎಸ್‌ಪಿ ಕಮ್ಯುನಿಸ್ಟರ ಪಕ್ಷವಾ?

ಅಜ್ಜನ ಟ್ರಂಕಿನಲ್ಲಿ ಗುಡಿಸಲು ಚಿತ್ರವಿರುವ, ‘ಪ್ರಜಾ ಸೋಷಲಿಸ್ಟ್ ಪಾರ್ಟಿ’ (ಪಿಎಸ್‌ಪಿ) ಅಂತ ಅಚ್ಚಾದ ರಸೀದಿ ಸಿಕ್ಕಿದೆ, ಇದು ಕಮ್ಯುನಿಸ್ಟರ ಪಕ್ಷವಾ, ಕೊಡಗಿನಲ್ಲಿ ಇದಕ್ಕೇನು ಕೆಲಸವಿತ್ತು ಅಂತ ಕೇಳಿದ್ದೀರಿ.

ಕಮ್ಯುನಿಸ್ಟರದ್ದಲ್ಲ. ಕಮ್ಯುನಿಸ್ಟರದ್ದು ಅಂದರೆ ನಿಮ್ಮಜ್ಜನಿಗೆ ಸಿಟ್ಟು ಬರುತ್ತಿತ್ತೋ ಏನೋ, ನಮ್ಮಪ್ಪನಿಗಂತೂ ಬರುತ್ತಿತ್ತು. ಅಪ್ಪ ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು, ಪಿಎಸ್‌ಪಿ ಅಭಿಮಾನಿ. ಬೆಳಿಗ್ಗೆ ಧಣಿಯ ಚೆಕ್‌ರೋಲ್ (ಕೂಲಿಗಳ ಹಾಜರಿ ಪುಸ್ತಕ) ಬರೆಯುವುದು, ಸಂಜೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಗ್ಗೆ ವಾದ ಮಾಡುವುದು.

1934ರಲ್ಲಿ ಜಯಪ್ರಕಾಶ್ ನಾರಾಯಣ್, ಆಚಾರ್ಯ ನರೇಂದ್ರ ದೇವ, ಲೋಹಿಯಾ ಮುಂತಾದವರು ಕಾಂಗ್ರೆಸ್ಸಿನ ಒಳಗೇ ಕಟ್ಟಿಕೊಂಡ ಸಮಾಜವಾದಿ ಗುಂಪು ಇದರ ಬೇರು. 1948ರಲ್ಲಿ ಕಾಂಗ್ರೆಸ್ ಬಿಟ್ಟು ಹೊರಬಂದರು. ಮೊದಲ ಮಹಾಚುನಾವಣೆಯಲ್ಲಿ ನೂರಕ್ಕೆ ಹತ್ತು ವೋಟು ಬಿದ್ದರೂ ಲೋಕಸಭೆಯಲ್ಲಿ ಸಿಕ್ಕಿದ್ದು 12 ಸೀಟು. ಆಗ ಇವರ ಗುರುತು ಆಲದ ಮರ. ಗುಡಿಸಲು ಇದ್ದದ್ದು ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ. 1952ರ ಸೆಪ್ಟೆಂಬರಿನಲ್ಲಿ ಎರಡೂ ಸೇರಿ ಪಿಎಸ್‌ಪಿ ಆಯಿತು. ಮರ ಹೋಯಿತು, ಗುಡಿಸಲು ಉಳಿಯಿತು.

ಆಮೇಲಿನ ಕಥೆ ಪಾಲುಪಟ್ಟಿಯ ಕಥೆ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಿಎಸ್‌ಪಿಯ ಪಟ್ಟಂ ತಾಣು ಪಿಳ್ಳೈ ಮುಖ್ಯಮಂತ್ರಿಯಾಗಿದ್ದಾಗ ಚಳವಳಿಗಾರರ ಮೇಲೆ ಗೋಲಿಬಾರ್ ಆಯಿತು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ, ನಮ್ಮ ಸರ್ಕಾರವೇ ಗುಂಡು ಹಾರಿಸಿದರೆ ನಮ್ಮ ಸರ್ಕಾರವೇ ರಾಜೀನಾಮೆ ಕೊಡಬೇಕು ಅಂತ ಪಟ್ಟು ಹಿಡಿದರು. ಪಕ್ಷ ಒಪ್ಪಲಿಲ್ಲ. ವರ್ಷ ಕಳೆಯುವುದರೊಳಗೆ ಅವರನ್ನೇ ಅಮಾನತು ಮಾಡಿತು, ಅವರು ಬೇರೆ ಮನೆ ಮಾಡಿದರು, ಅಂದರೆ ತಮ್ಮದೇ ಪಕ್ಷ ಕಟ್ಟಿದರು. ಇಲ್ಲಿ ಮಾತ್ರ ಅಪ್ಪ ಪಕ್ಷದ ಪರವಾಗಿರಲಿಲ್ಲ, ನಾನೂ ಇಲ್ಲ. 1964ರಲ್ಲಿ ಎರಡೂ ಪಕ್ಷದವರು ಒಂದಾಗಿ ಸಂಯುಕ್ತ ಸೋಷಲಿಸ್ಟ್ ಪಾರ್ಟಿ (ಎಸ್‌ಎಸ್‌ಪಿ) ಅಂತ ಹೆಸರಿಟ್ಟುಕೊಂಡರು, ಮರುವರ್ಷವೇ ಮತ್ತೆ ಒಡೆದರು. 1971ರಲ್ಲಿ ಪಿಎಸ್‌ಪಿಗೆ ದಕ್ಕಿದ್ದು ಎರಡೇ ಲೋಕಸಭಾ ಸೀಟು. ಆ ವರ್ಷವೇ ಮತ್ತೆ ಕೂಡಿಕೊಂಡರು, ಗುಡಿಸಲಿನ ಕಥೆ ಮುಗಿಯಿತು. 1977ರಲ್ಲಿ ಉಳಿದವರೂ ಜನತಾ ಪಕ್ಷದಲ್ಲಿ ಕರಗಿದರು.

ನಮ್ಮ ರಾಜ್ಯದಲ್ಲಿ ಇದು ತೀರಾ ಸಣ್ಣದೇನೂ ಆಗಿರಲಿಲ್ಲ. ವಿಧಾನಸಭೆಯಲ್ಲಿ 1957ರಲ್ಲಿ 18 ಸೀಟು, 1962ರಲ್ಲೂ 1967ರಲ್ಲೂ 20. ಎಸ್.ಎಂ. ಕೃಷ್ಣ 1968ರಲ್ಲಿ ಮಂಡ್ಯದಿಂದ ಲೋಕಸಭೆಗೆ ಹೋದದ್ದು ಇದೇ ಪಕ್ಷದಿಂದ ಅಂದರೆ ಈಗಿನ ಹುಡುಗರು ನಂಬುವುದಿಲ್ಲ.

ಹಾಗಿದ್ದರೆ ಕೊಡಗಿನಲ್ಲಿ ಯಾಕೆ ಬೇರು ಬಿಡಲಿಲ್ಲ? ಒಂದು ಕಾರಣ ಕಾಲದ್ದು. 1956ರ ನವೆಂಬರಿನವರೆಗೆ ನಮ್ಮದು ಪ್ರತ್ಯೇಕ ರಾಜ್ಯ. 1952ರಲ್ಲಿ 24 ಸೀಟಿನ ಅಸೆಂಬ್ಲಿಯಲ್ಲಿ ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9. ಜಗಳವೆಲ್ಲ ಮೈಸೂರಿಗೆ ಸೇರಬೇಕೋ ಬೇಡವೋ ಎಂಬುದು. ಒಂದು ಕಡೆ ಪೂಣಚ್ಚನವರ ಕಾಂಗ್ರೆಸ್, ಇನ್ನೊಂದು ಕಡೆ ಸೇರುವುದು ಬೇಡ ಅನ್ನುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಗುಂಪು. ಎಡ-ಬಲ ಅಂತ ಕೇಳುವವರು ಯಾರು?

ಅದಕ್ಕಿಂತ ದೊಡ್ಡ ಕಾರಣ ಕಾಲಡಿಯ ನೆಲದ್ದು. ಶಿವಮೊಗ್ಗದಲ್ಲಿ ಸಮಾಜವಾದಿಗಳು ಬೆಳೆದದ್ದು 1951ರ ಕಾಗೋಡು ಸತ್ಯಾಗ್ರಹದಿಂದ. ಅಲ್ಲಿ ಗೇಣಿದಾರನಿದ್ದ, ಒಡೆಯನಿದ್ದ, ನಡುವೆ ಗೇಣಿ ಅಳೆಯುವ ಕೊಳಗವಿತ್ತು. ಜಗಳ ಕಣ್ಣಿಗೆ ಕಾಣುತ್ತಿತ್ತು. ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದರು. ನಮ್ಮಲ್ಲಿ ಗದ್ದೆ ಇದ್ದರೂ ಹೆಚ್ಚಿನ ದುಡಿಮೆ ತೋಟದಲ್ಲಿ. ದುಡಿಯುವವರು ಎರವ, ಕುರುಬ ಆದಿವಾಸಿಗಳು, ಮಲಬಾರು-ತಮಿಳುನಾಡಿನಿಂದ, ಮೈಸೂರು ಕಡೆಯ ಬಯಲಿನಿಂದ ಬಂದವರು. ಅವರಿಗೆ ಗೇಣಿ ಇಲ್ಲ, ದಿನಗೂಲಿ. ಮನೆಯೂ ತೋಟದೊಳಗೆ ಧಣಿ ಕಟ್ಟಿಸಿದ ಸಾಲುಮನೆ, ಅಂದರೆ ಲೈನ್‌ಮನೆ, ಕೆಲಸ ಬಿಟ್ಟರೆ ಸೂರೂ ಬಿಡಬೇಕು.

ಅಪ್ಪ ಒಂದು ಸಂಜೆ ಲೈನ್‌ಮನೆ ಜಗಲಿಯಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದರಂತೆ, ‘ಉಳುವವನೇ ಹೊಲದೊಡೆಯ’ ಅಂತ. ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮುದುಕನೊಬ್ಬ, ‘ಸರಿ ರೈಟ್ರೇ, ಕಾಫಿ ಗಿಡ ಯಾರು ಉಳ್ತಾರೆ?’ ಅಂದನಂತೆ. ಅಪ್ಪ ಪತ್ರಿಕೆ ಮಡಚಿಟ್ಟರು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಬಿಗಿಯಾದಾಗಲೂ ಆ ಮುದುಕನ ಮಾತೇ ನಿಜವಾಯಿತು. ಕಾಫಿ, ಏಲಕ್ಕಿ, ಮೆಣಸಿನಂಥ ಪ್ಲಾಂಟೇಶನ್‌ಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಹಾಗಾಗಿ ಇಲ್ಲಿ ಎಡದವರ ಕೆಲಸ ನಡೆದದ್ದು ಕೂಲಿ, ಬೋನಸ್ಸು ಅಂತ ಕಾರ್ಮಿಕ ಸಂಘಗಳ ಮೂಲಕ. ನೆಲದ ಪ್ರಶ್ನೆ ಜೋರಾಗಿ ಎದ್ದದ್ದು 2016ರಲ್ಲಿ, ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ. ಅಷ್ಟು ಹೊತ್ತಿಗೆ ಗುಡಿಸಲು ಗುರುತಿನ ಪಕ್ಷ ಹೋಗಿ ನಲವತ್ತೈದು ವರ್ಷವಾಗಿತ್ತು.

ನಿಮ್ಮ ರಸೀದಿಯಲ್ಲಿ ಪಿಎಸ್‌ಪಿ ಹೆಸರಿದೆ ಅಂದರೆ ಅದು 1952ರಿಂದ 1971ರ ನಡುವಿನದು. ಇಸವಿ ಇಲ್ಲದಿದ್ದರೆ ಮೊತ್ತ ನೋಡಿ. ಆಣೆ ಅಂತಿದ್ದರೆ ಬಹುಶಃ 1957ಕ್ಕಿಂತ ಹಿಂದಿನದು, ನಯಾಪೈಸೆ ಅಂತಿದ್ದರೆ ಆಮೇಲಿನದು. ಯಾವುದಿದೆ ಅಂತ ಇಲ್ಲೇ ಬರೆಯಿರಿ.