'ರೆಸ್ಪೆಕ್ಟ್' ಬಿಟ್ಟು ಗೌರವವನ್ನು ಇಂಗ್ಲಿಷಿನಲ್ಲಿ ಬೇರೆ ಹೇಗೆ ಹೇಳಬಹುದು?

ಕಾರವಾರದಲ್ಲಿ ನಿಮ್ಮ ಮಾಸ್ತರ ಬೀಳ್ಕೊಡುಗೆಗೆ ಇಂಗ್ಲಿಷಿನಲ್ಲಿ ಮಾತಾಡಬೇಕು, ಪ್ರತಿ ಸಾಲಲ್ಲೂ 'ರೆಸ್ಪೆಕ್ಟ್' ಎಂದೇ ಬರುತ್ತಿದೆ ಅಂತ ಕೇಳಿದ್ದೀರಿ.

ಮಾಸ್ತರಿಗೆ ಚೆನ್ನಾಗಿ ಹೊಂದುವುದು 'ಲುಕ್ ಅಪ್ ಟು'. ಇವರ ಹಾಗೆ ನಾನೂ ಆಗಬೇಕು ಎನ್ನುವ ಆಸೆಯೂ ಅದರಲ್ಲಿದೆ. 'ವಿ ಆಲ್ ಲುಕ್ಡ್ ಅಪ್ ಟು ಹಿಮ್' ಎಂದರೆ ಸಾಕು. ಕೊನೆಯ 'ಟು' ಮಾತ್ರ ಬಿಡಬೇಡಿ. ಬಿಟ್ಟರೆ ಡಿಕ್ಷನರಿಯಲ್ಲಿ ಪದ ಹುಡುಕಿದ ಹಾಗಾಗುತ್ತದೆ!

'ಅಡ್ಮೈರ್' ಬಳಸಿದರೆ ಯಾವುದಕ್ಕೆ ಎಂದೂ ಹೇಳಿ, ಆಗಲೇ ಅದಕ್ಕೆ ತೂಕ. ಗಿಡಮರ ಬೆಳೆಸಿದ ನಮ್ಮ ಅಂಕೋಲಾ ಕಡೆಯ ತುಳಸಿ ಗೌಡರನ್ನೇ ನೋಡಿ. 2020ರ ಪದ್ಮಶ್ರೀ ಪಡೆಯಲು ಬರಿಗಾಲಲ್ಲೇ ಹೋದವರು. 'ಐ ಅಡ್ಮೈರ್ ತುಳಸಿ ಗೌಡ ಫಾರ್ ಹರ್ ನಾಲೆಜ್ ಆಫ್ ಟ್ರೀಸ್' ಅನ್ನಬಹುದು. ನಮ್ಮವರು ಜಾಸ್ತಿ ಎಡವುವುದು 'ಐ ಆಮ್ ಅಡ್ಮೈರಿಂಗ್' ಎನ್ನುವಲ್ಲಿ. ಮನಸ್ಸಿನಲ್ಲಿ ಸದಾ ಇರುವ ಭಾವನೆಗೆ 'ಇಂಗ್' ಬೇಡ. ರೆಸ್ಪೆಕ್ಟಿಗೂ ಅದೇ ಲೆಕ್ಕ.

ಅಂದಹಾಗೆ, ರೆಸ್ಪೆಕ್ಟ್ ನಮಗೆ ಇಷ್ಟವಿಲ್ಲದವರ ಮೇಲೂ ಇರಬಹುದು. ಎದುರಾಳಿ ಕಬಡ್ಡಿ ತಂಡದ ಮೇಲೆ ಇರುತ್ತದಲ್ವಾ? ಅಡ್ಮೈರ್ ಅಂದರೆ ಮೆಚ್ಚುಗೆ ಇರಲೇಬೇಕು.

'ಥಿಂಕ್ ಹೈಲಿ ಆಫ್' ಸಹೋದ್ಯೋಗಿಗಳ ಬಾಯಲ್ಲಿ ಚೆಂದ. 'ಹೋಲ್ಡ್ ಇನ್ ಹೈ ರಿಗಾರ್ಡ್' ಸನ್ಮಾನ ಪತ್ರಕ್ಕೆ ಸರಿ, ವಿದ್ಯಾರ್ಥಿ ಹೇಳಿದರೆ ಸ್ವಲ್ಪ ಬಿಗಿ ಅನಿಸುತ್ತದೆ. 'ಹ್ಯಾಟ್ಸ್ ಆಫ್ ಟು' ಸಲುಗೆಯ ಮಾತು, ಯಾವುದೋ ಒಂದು ಕೆಲಸವನ್ನು ಮೆಚ್ಚಲು. 'ಪುಟ್ ಆನ್ ಎ ಪೆಡೆಸ್ಟಲ್' ಮಾತ್ರ ದಯವಿಟ್ಟು ಬೇಡ. ತಪ್ಪೇ ಮಾಡದವರೆಂದು ಸುಮ್ನೆ ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಎಂಬ ಕೊಂಕು ಅದರಲ್ಲಿದೆ.